ಮುಖಪುಟದಲ್ಲಿ ಫೋಟೊ ಇದ್ದ ಮಾತ್ರಕ್ಕೆ ಆತ್ಮಕಥೆ ಅಲ್ಲ: ಒಂದು ರೂಪಾಯಿ ಆಡಿಯೊಬುಕ್ ಬಗ್ಗೆ ಎಚ್ಚರ

ದೊಡ್ಡ ದೊಡ್ಡ ನಟರ, ಕ್ರಿಕೆಟಿಗರ ಆತ್ಮಕಥೆ ಕನ್ನಡದಲ್ಲಿ ಕೇಳಿ, ಬರೀ ಒಂದು ರೂಪಾಯಿ ಅಂತ ನಿಮ್ಮ ಫೋನಿಗೂ ಜಾಹೀರಾತು ಬಂದಿರಬಹುದು. ಒತ್ತುವ ಮುಂಚೆ ಇದನ್ನು ಓದಿಬಿಡಿ. ನಮ್ಮ ಮನೆಯಲ್ಲಿ ಆ ಒಂದು ರೂಪಾಯಿ ಎಂಟುನೂರರ ಹತ್ತಿರ ಹೋಗಿ ನಿಂತಿತು. ದುಡ್ಡಿನದ್ದು ಒಂದು ಕಡೆ ಇರಲಿ, ಅದರೊಳಗಿದ್ದ ಸರಕು ಕೇಳಿ ಇನ್ನೂ ಜಾಸ್ತಿ ಸಿಟ್ಟು ಬಂತು.

ಅಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಕೆಲಸ ಮಾಡಿ ರಿಟೈರ್ ಆದವರು. ಈಗ ಕಣ್ಣು ಮಂಜು, ಸಣ್ಣ ಅಕ್ಷರ ಕಾಣುವುದಿಲ್ಲ. ಪೇಪರಿನ ಹೆಡ್ಡಿಂಗ್ ಮಾತ್ರ ಓದುತ್ತಾರೆ, ಉಳಿದದ್ದು ನಾವು ಓದಿ ಹೇಳಬೇಕು. ಮಧ್ಯಾಹ್ನ ಹೊತ್ತು ಹೋಗಲಿ ಅಂತ ಆಡಿಯೊಬುಕ್ ಅಭ್ಯಾಸ ಮಾಡಿಸಿದ್ದು ನಾನೇ. ನಾನೂ ಮಂಡ್ಯ–ಮೈಸೂರು ರೈಲಿನ ಪಾಸ್ ಗಿರಾಕಿ. ಸೀಟು ಸಿಗಲಿ ಬಿಡಲಿ, ಇಯರ್‌ಫೋನ್ ಸಿಕ್ಕಿಸಿಕೊಂಡರೆ ಶ್ರೀರಂಗಪಟ್ಟಣ ದಾಟುವುದರೊಳಗೆ ಒಂದು ಅಧ್ಯಾಯ ಮುಗಿಯುತ್ತದೆ. ಇಬ್ಬರಿಗೂ ಕಥೆ ಕಾದಂಬರಿಗಿಂತ ಆತ್ಮಕಥೆ, ಇತಿಹಾಸ ಇಂಥವೇ ಇಷ್ಟ.

ಅಪ್ಪನಿಗೆ ಬಂದ ಜಾಹೀರಾತಿನಲ್ಲಿ ಅವರ ಮೆಚ್ಚಿನ ಹಳೆಯ ಕ್ರಿಕೆಟಿಗರೊಬ್ಬರ ದೊಡ್ಡ ಫೋಟೊ. ಕೆಳಗೆ ‘ಆತ್ಮಕಥೆ, ಪೂರ್ತಿ ಕನ್ನಡದಲ್ಲಿ’. ಆ ಕ್ರಿಕೆಟಿಗರ ಹೆಸರು ಇಲ್ಲಿ ಹಾಕುವುದಿಲ್ಲ. ಪಾಪ, ಅವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅವರ ಮುಖ ಬಳಸಿಕೊಂಡಿದ್ದಾರೆ ಅಷ್ಟೆ. “ಹಾಕ್ಲಾ ಅದ್ನ, ಕೇಳವ” ಅಂದರು ಅಪ್ಪ. ಒಂದು ರೂಪಾಯಿ ಕಟ್ಟಿ, ಜಗಲಿ ಮೇಲೆ ಫೋನಿಟ್ಟು ಶುರು ಮಾಡಿದೆವು.

ಮೊದಲ ಸಾಲೇ ‘ಅವರು ಜನಿಸಿದ್ದು’ ಅಂತ. ಆತ್ಮಕಥೆ ಅಂದರೆ ‘ನಾನು’ ಅಂತ ಇರಬೇಕಲ್ವಾ? ಸರಿ, ಮುನ್ನುಡಿ ಇರಬಹುದು ಅಂದುಕೊಂಡೆವು. ಮುಂದಕ್ಕೆ ಹೋದರೂ ಅದೇ. ಅವರು ಶಾಲೆಗೆ ಹೋದರು, ಅವರು ಕಷ್ಟಪಟ್ಟರು, ಅವರು ತಂಡಕ್ಕೆ ಆಯ್ಕೆಯಾದರು. ದನಿ ಬೇರೆ ವಿಚಿತ್ರ. ಗಂಡಸಿನ ದನಿ, ಸ್ಪಷ್ಟ ಉಚ್ಚಾರ, ಆದರೆ ಎಲ್ಲೂ ಉಸಿರು ತಗೊಳ್ಳುವುದೇ ಇಲ್ಲ. ತಂದೆ ತೀರಿಕೊಂಡ ಸುದ್ದಿಗೂ ಮೊದಲ ಸೆಂಚುರಿಗೂ ಒಂದೇ ರಾಗ. “ರೈಲ್ವೆ ಸ್ಟೇಷನ್ನಾಗೆ ಗಾಡಿ ಬತ್ತದೆ ಅಂತ ಕೂಗ್ತಾರಲ್ಲ, ಅಂಗೈತೆ” ಅಂತ ಅಪ್ಪನೇ ಹೇಳಿದರು.

1983ರ ವಿಶ್ವಕಪ್ ಬಂದಾಗ ಬಣ್ಣ ಪೂರ್ತಿ ಬಯಲಾಯಿತು. ಜಿಂಬಾಬ್ವೆ ಮೇಲೆ ಕಪಿಲ್ ದೇವ್ ಹೊಡೆದ 175 ನಾಟೌಟ್ ಕ್ರಿಕೆಟ್ ಗೊತ್ತಿರುವವರಿಗೆಲ್ಲ ಗೊತ್ತು. ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್ ಮೈದಾನ, ಭಾರತದ್ದು 17 ರನ್ನಿಗೆ ಐದು ವಿಕೆಟ್ ಹೋಗಿತ್ತು. ನಾಟೌಟ್ ಅನ್ನುವುದಕ್ಕೆ ಸ್ಕೋರಿನ ಪಕ್ಕ ನಕ್ಷತ್ರದಂಥ ಒಂದು ಗುರುತು (*) ಹಾಕುತ್ತಾರಲ್ಲ, ಈ ದನಿ ಅದನ್ನು “ನೂರಾ ಎಪ್ಪತ್ತೈದು ನಕ್ಷತ್ರ” ಅಂತ ಓದಿತು! ಸರಣಿ 3-0 ಗೆದ್ದರು ಅನ್ನುವುದನ್ನು “ಮೂರು ಕಳೆ ಸೊನ್ನೆ” ಅಂದಿತು. ನಗು ತಡೆಯಲಾಗಲಿಲ್ಲ. ಅಪ್ಪನಿಗೆ ಮಾತ್ರ ರೇಗಿಹೋಯಿತು. “ನಾಟೌಟ್ ಕಣ್ಲಾ ಅದು! ನಕ್ಷತ್ರ ಅಂತೆ ನಕ್ಷತ್ರ!” ಅದರ ಹಿಂದೆಯೇ ಫೈನಲ್ಲು 50 ಓವರಿನ ಪಂದ್ಯ ಅಂದಿತು ಆ ದನಿ. 1983ರ ವಿಶ್ವಕಪ್ ನಡೆದಿದ್ದು 60 ಓವರಿನ ಲೆಕ್ಕದಲ್ಲಿ, 50 ಆಗಿದ್ದು 1987ರಿಂದ. ಆ ಫೈನಲ್ಲನ್ನು ಟ್ರಾನ್ಸಿಸ್ಟರ್ ಕಿವಿಗಿಟ್ಟುಕೊಂಡು ಕೇಳಿದ ಮನುಷ್ಯನ ಮುಂದೆ ಇಂಥ ಮಾತು ನಡೆಯುತ್ತದಾ? ಅಲ್ಲಿಗೆ ಫೋನ್ ಪಕ್ಕಕ್ಕಿಟ್ಟರು.

ಆಮೇಲೆ ನಾನೊಬ್ಬನೇ ಕೂತು ಕೊನೆವರೆಗೂ ಕೇಳಿದೆ. ಒಟ್ಟು ಒಂದು ಗಂಟೆಯೂ ಇಲ್ಲ. ಕೊನೆಯಲ್ಲಿ ‘ಇವರ ಜೀವನದಿಂದ ನಾವು ಕಲಿಯಬೇಕಾದ ಐದು ಪಾಠಗಳು’! ಆಪಿನಲ್ಲಿ ಆ ಪುಸ್ತಕದ ವಿವರಣೆಯನ್ನು ಪೂರ್ತಿ ಕೆಳಗೆ ಎಳೆದರೆ ‘ಜೀವನದಿಂದ ಪ್ರೇರಿತ’ ಅಂತ ಸಣ್ಣ ಅಕ್ಷರದಲ್ಲಿತ್ತು. ಬರೆದವರ ಹೆಸರಿಲ್ಲ, ಓದಿದವರ ಹೆಸರಿಲ್ಲ, ಪ್ರಕಾಶಕರೂ ಇಲ್ಲ. ನೆಟ್ಟಿನಲ್ಲಿ ಸಿಗುವ ಮಾಹಿತಿ ಗುಡ್ಡೆ ಹಾಕಿ, ಯಂತ್ರದ ಕೈಲಿ ಓದಿಸಿ, ಮೇಲೆ ಫೋಟೊ ಅಂಟಿಸಿದ ಮಾಲು. ಅದೇ ಆಪಿನಲ್ಲಿ ಇನ್ನೂ ಸುಮಾರು ಸಿನಿಮಾದವರ, ಉದ್ಯಮಿಗಳ ‘ಆತ್ಮಕಥೆ’ಗಳಿದ್ದವು. ಎರಡು ಮೂರು ತೆಗೆದು ಕೇಳಿದೆ. ಎಲ್ಲದರಲ್ಲೂ ಅದೇ ದನಿ, ಅದೇ ಐದು ಪಾಠ.

ನನಗೆ ಇದು ಯಾಕೆ ಇಷ್ಟು ಚುಚ್ಚಿತು ಅಂದರೆ, ಆ 175ರ ಆಟಕ್ಕೆ ವಿಡಿಯೊನೇ ಇಲ್ಲ. ಅವತ್ತು ಅಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ. ಏನಾಯಿತು ಅಂತ ತಿಳಿಯಬೇಕಾದರೆ ಸ್ಕೋರ್‌ಕಾರ್ಡ್ ನೋಡಬೇಕು, ಇಲ್ಲ ಅಲ್ಲಿದ್ದವರು ಬಾಯಿ ಬಿಟ್ಟು ಹೇಳಬೇಕು. ಆತ್ಮಕಥೆ ಕೇಳುವುದೇ ಅದಕ್ಕೆ. ಡ್ರೆಸ್ಸಿಂಗ್ ರೂಮಿನಲ್ಲಿ ಯಾರು ಏನು ಗೊಣಗಿದರು, ಯಾರಿಗೆ ಊಟ ಸೇರಲಿಲ್ಲ, ಇವೆಲ್ಲ ಅಲ್ಲಿದ್ದವನಿಗೆ ಮಾತ್ರ ಗೊತ್ತು. ಸ್ಕೋರು ಹೇಳುವುದಕ್ಕೆ ಆತ್ಮಕಥೆ ಯಾಕೆ ಬೇಕು?

ಹಾಗಂತ ಎಲ್ಲವನ್ನೂ ಅವರೇ ಕೂತು ಬರೆದಿರಬೇಕು ಅಂತ ನಾನು ಹೇಳುತ್ತಿಲ್ಲ. ಸಚಿನ್ ತೆಂಡೂಲ್ಕರ್ ಆತ್ಮಕಥೆ 2014ರಲ್ಲಿ ಬಂದಾಗ ಅದನ್ನು ಕ್ರೀಡಾ ಬರಹಗಾರ ಬೋರಿಯಾ ಮಜುಂದಾರ್ ಜೊತೆ ಸೇರಿ ಬರೆದಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಬ್ರಿಟನ್ನಿನ ರಾಜಕುಮಾರ ಹ್ಯಾರಿ 2023ರಲ್ಲಿ ತಂದ ಪುಸ್ತಕವನ್ನು ಬರೆದುಕೊಟ್ಟವರು ಜೆ.ಆರ್. ಮೊರಿಂಗರ್. ಟೆನಿಸ್ ಆಟಗಾರ ಆಂಡ್ರೆ ಅಗಾಸಿಗೂ ಇವರೇ ಬರೆದುಕೊಟ್ಟಿದ್ದು. ಕನ್ನಡದಲ್ಲೂ ಸಿನಿಮಾದವರ ಪುಸ್ತಕಗಳ ಮೇಲೆ ‘ನಿರೂಪಣೆ’ ಅಂತ ಇನ್ನೊಬ್ಬರ ಹೆಸರಿರುವುದು ಹೊಸದೇನಲ್ಲ. ಹೇಳಿದವರು ಒಬ್ಬರು, ಬರೆದವರು ಒಬ್ಬರು, ಇಬ್ಬರೂ ಒಪ್ಪಿ ಮಾಡಿದ್ದು. ಅದರಲ್ಲಿ ಮೋಸ ಏನೂ ಇಲ್ಲ.

ಓದುವ ದನಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟಮಾರಿ. ಆತ್ಮಕಥೆಯನ್ನು ಆದಷ್ಟೂ ಬರೆದವರೇ ಓದಬೇಕು. ಮಿಷೆಲ್ ಒಬಾಮಾ ತಮ್ಮ 2018ರ ಪುಸ್ತಕವನ್ನು ತಾವೇ ಓದಿದರು, ಆ ಓದಿಗೇ 2020ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅಮೆರಿಕದ ಗಾಯಕಿ, ನಟಿ ಬಾರ್ಬ್ರಾ ಸ್ಟ್ರೈಸಂಡ್ ತಮ್ಮ ಆತ್ಮಕಥೆಯನ್ನು ತಾವೇ ಓದಿ 48 ಗಂಟೆ ಮಾಡಿದ್ದಾರೆ. ಅಷ್ಟು ಕೇಳುವ ಸಹನೆ ನನಗಂತೂ ಇಲ್ಲ, ಆದರೆ ಆ ದನಿಗೆ ಬೇರೆಯವರು ಸಮ ಬರುವುದಿಲ್ಲ. ನಡುವೆ ಪುಸ್ತಕದಲ್ಲಿಲ್ಲದ ಮಾತೂ ಆಡಿಕೊಂಡು ಹೋಗುತ್ತಾರೆ. ಬೇರೆಯವರು ಓದಿದರೆ ಕೆಟ್ಟು ಹೋಗುತ್ತದೆ ಅಂತಲೂ ಅಲ್ಲ. ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ತಮ್ಮ ಆತ್ಮಕಥೆಯಲ್ಲಿ ಶುರುವಿನ ನಾಲ್ಕು ಮಾತು ಮಾತ್ರ ತಾವು ಓದಿ, ಉಳಿದದ್ದನ್ನು ನಟಿ ಮಿಷೆಲ್ ವಿಲಿಯಮ್ಸ್‌ಗೆ ಬಿಟ್ಟರು. ಆ ನಟಿ ಅದಕ್ಕೆ ಜೀವ ತುಂಬಿದ್ದಾರೆ. ಒಟ್ಟಿನಲ್ಲಿ ಯಾರೋ ಒಬ್ಬ ಮನುಷ್ಯ ಅರ್ಥ ಮಾಡಿಕೊಂಡು ಓದಿರಬೇಕು. 1935ರಲ್ಲೇ ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ರೇಡಿಯೊ ಶುರು ಮಾಡಿದ ಊರು ಮೈಸೂರು. ಈ ಸೀಮೆಯವರ ಕಿವಿಗೆ ಒಳ್ಳೆ ದನಿ ಯಾವುದು, ಸುಳ್ಳು ದನಿ ಯಾವುದು ಅಂತ ಹೇಳಿಕೊಡಬೇಕಾ?

ಅಂದಹಾಗೆ, ಕಥೆಯಲ್ಲದ ಪುಸ್ತಕಗಳೆಲ್ಲ ಕಿವಿಗೆ ಒಗ್ಗುವುದಿಲ್ಲ. ಅಂಕಿ ಅಂಶ, ಕೋಷ್ಟಕ ತುಂಬಿರುವ ಅರ್ಥಶಾಸ್ತ್ರದ ಪುಸ್ತಕ ರೈಲಲ್ಲಿ ಕೇಳಿದರೆ ಪಾಂಡವಪುರದ ಹೊತ್ತಿಗೆ ತಲೆ ಖಾಲಿ. ಅಂಥವನ್ನು ಕೈಯಲ್ಲಿ ಹಿಡಿದೇ ಓದಬೇಕು.

ಈಗ ದುಡ್ಡು ಕಟ್ಟುವ ಮುಂಚೆ ನಾನು ನೋಡುವುದು ಇಷ್ಟು. ಮೊದಲು ಹೊತ್ತು. ಬಾಯಿಬಿಟ್ಟು ನಿಧಾನವಾಗಿ ಓದಿದರೆ ಒಂದು ಪುಟಕ್ಕೆ ಹತ್ತಿರ ಹತ್ತಿರ ಎರಡು ನಿಮಿಷ ಹಿಡಿಯುತ್ತದೆ. 250 ಪುಟದ ಪುಸ್ತಕ ಎಂಟು ಗಂಟೆಯ ಆಸುಪಾಸು ಇರಬೇಕು. ಐವತ್ತು ನಿಮಿಷದಲ್ಲಿ ಮುಗಿದರೆ ಅದು ಸಾರಾಂಶ. ಇಂಗ್ಲಿಷ್ ಪುಸ್ತಕಕ್ಕಾದರೆ ‘ಅನ್‌ಅಬ್ರಿಜ್ಡ್’ ಅಂತ ಇದೆಯಾ ನೋಡಿ, ಅಂದರೆ ಏನೂ ಕತ್ತರಿಸಿಲ್ಲ. ಆಮೇಲೆ ಓದಿದವರ ಹೆಸರು. ಆಡಿಯೊಬುಕ್ ಮಾರುವ ಆಡಿಬಲ್‌ನಲ್ಲಿ ಯಂತ್ರದ ಓದಿಗೆ ‘ವರ್ಚುವಲ್ ವಾಯ್ಸ್’ ಅಂತ ಹಾಕಿರುತ್ತಾರೆ, ಆಪಲ್ ಬುಕ್ಸ್‌ನಲ್ಲೂ ಯಂತ್ರ ಓದಿದ್ದಕ್ಕೆ ಬೇರೆ ಗುರುತಿದೆ. ಹಾಗೆ ಹೇಳಿ ಮಾರಿದರೆ ಸರಿ, ಬೇಕಾದವರು ತಗೊಳ್ಳುತ್ತಾರೆ. ಹೆಸರೇ ಇಲ್ಲದಿದ್ದರೆ ಬೇಡ. ಇನ್ನೊಂದು, ಅದೇ ಪುಸ್ತಕ ಅಚ್ಚಿನಲ್ಲಿ ಇದೆಯಾ ಅಂತ ಒಂದು ಸಲ ಹುಡುಕಿ. ಆ ಕ್ರಿಕೆಟಿಗರ ಪುಸ್ತಕ ಕನ್ನಡದಲ್ಲಿ ಅಚ್ಚಾಗಿಯೇ ಇಲ್ಲ ಅಂತ ಮೈಸೂರಿನ ಪುಸ್ತಕದ ಅಂಗಡಿಯವರು ಒಂದೇ ಮಾತಿಗೆ ಹೇಳಿಬಿಟ್ಟರು. ಸ್ಯಾಂಪಲ್ ಇದ್ದರೆ ಅಂಕಿ, ಇನಿಶಿಯಲ್ಲು, ಊರಿನ ಹೆಸರು ಬರುವ ಕಡೆ ಕಿವಿಗೊಡಿ. ಯಂತ್ರ ಎಡವುವುದು ಅಲ್ಲೇ.

ಇನ್ನು ದುಡ್ಡಿನ ಕಥೆ. ಒಂದು ರೂಪಾಯಿ ಕಟ್ಟುವಾಗ ಯುಪಿಐ ಪಿನ್ ಹಾಕಿದೆವಲ್ಲ, ಅದು ಬರೀ ಒಂದು ರೂಪಾಯಿಗೆ ಕೊಟ್ಟ ಒಪ್ಪಿಗೆ ಆಗಿರಲಿಲ್ಲ. ಆಟೋಪೇ, ಅಂದರೆ ಮುಂದಿನ ಕಂತುಗಳನ್ನು ಅವರೇ ಎಳೆದುಕೊಳ್ಳುವ ಒಪ್ಪಿಗೆಯೂ ಅದರಲ್ಲೇ ಸೇರಿತ್ತು. ಪರದೆಯ ಮೇಲೆ ₹1 ಅಂತ ಎದ್ದು ಕಾಣುವಂತೆ ಹಾಕಿ, ಟ್ರಯಲ್ ಮುಗಿದ ಮೇಲೆ ತಿಂಗಳಿಗೆ ₹399 ಅನ್ನುವುದನ್ನು ಬೂದು ಬಣ್ಣದ ಸಣ್ಣಕ್ಷರದಲ್ಲಿ ಅಡಗಿಸಿದ್ದರು. ಒಮ್ಮೆ ಒಪ್ಪಿಗೆ ಕೊಟ್ಟರೆ ₹15,000ದವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ, ತಾನಾಗೇ ಹೋಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಎಳೆಯುವ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು. ಮೆಸೇಜೇನೋ ಬಂತು. ಆದರೆ ಅದರಲ್ಲಿ ಆಪಿನ ಹೆಸರಿರಲಿಲ್ಲ, ಕೇಳಿಯೇ ಇರದ ಯಾವುದೋ ಕಂಪನಿ ಹೆಸರಿತ್ತು. ಲೋನ್ ಬೇಕಾ, ಸೈಟ್ ಬೇಕಾ ಅನ್ನುವ ಮೆಸೇಜುಗಳ ನಡುವೆ ಅದೂ ಒಂದು.

ಆಪ್ ಡಿಲೀಟ್ ಮಾಡಿದರೆ ಮುಗಿಯಿತು ಅಂತ ಬಹಳ ಜನ ತಿಳಿದಿದ್ದಾರೆ. ಮುಗಿಯುವುದಿಲ್ಲ! ಒಪ್ಪಿಗೆ ಇರುವುದು ಬ್ಯಾಂಕಿನ ಹತ್ತಿರ, ಆಪ್ ಹೋದರೂ ಕಂತು ಹೋಗುತ್ತಲೇ ಇರುತ್ತದೆ. ನಮ್ಮದು ಎರಡನೇ ಸಲ ಹೋಗಿದ್ದೇ ಹಾಗೆ. ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಪ್ರೊಫೈಲ್ ಒಳಗೆ ‘ಆಟೋಪೇ’ ಅಂತ ಇದೆ. ಅಲ್ಲಿ ಹೋಗಿ ರದ್ದು ಮಾಡಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲಿನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲಿ ನೋಡಿ. ಇದನ್ನು ಓದುತ್ತಿರುವಾಗಲೇ ಒಂದು ಸಲ ತೆಗೆದು ನೋಡಿ. ನಮ್ಮ ಚಿಕ್ಕಪ್ಪನ ಫೋನಿನಲ್ಲಿ ಸುಮ್ನೆ ನೋಡಿದಾಗ ಅವರಿಗೇ ಗೊತ್ತಿಲ್ಲದ ಮೂರು ಕಂತು ಓಡುತ್ತಿದ್ದವು. ಒಂದು ಜಾತಕದ್ದು, ಒಂದು ಸೀರಿಯಲ್ಲಿನದ್ದು. ಇನ್ನೊಂದು ಯಾವುದಕ್ಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ.

ಆಪಿನವರಿಗೆ ಮೇಲ್ ಹಾಕಿದರೆ ‘ನಿಮ್ಮ ಅನಿಸಿಕೆಗೆ ಧನ್ಯವಾದ’ ಅಂತ ಉತ್ತರ ಬಂತು. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಹೀಗೆ ಚಂದಾ ಬಲೆಗೆ ಕೆಡವುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ ಹೆಸರಿಸಿದ 13 ಬಗೆಯ ಕುತಂತ್ರಗಳಲ್ಲಿ ಇದೂ ಒಂದು. ಆ ಮಾತನ್ನು ದೂರಿನಲ್ಲಿ ಬರೆಸಿದ ಮೇಲೆ ಆಪಿನವರ ದನಿ ಮೆತ್ತಗಾಯಿತು. ಎರಡನೇ ಕಂತು ವಾಪಸ್ ಬಂತು, ಮೊದಲನೆಯದು ಬರಲಿಲ್ಲ. ‘ಸೇವೆ ಬಳಸಿದ್ದೀರಿ’ ಅಂತೆ! ಯಾವ ಸೇವೆ, ನಕ್ಷತ್ರದ್ದಾ?

ನೀವೂ ಸಿಕ್ಕಿಬಿದ್ದಿದ್ದರೆ ರದ್ದು ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಜಾಹೀರಾತು, ₹1ರ ಪರದೆ, ‘ಆತ್ಮಕಥೆ’ ಅಂತ ಹಾಕಿದ ಮುಖಪುಟ, ಎಷ್ಟು ನಿಮಿಷ ಅಂತ ತೋರಿಸುವ ಜಾಗ, ಬ್ಯಾಂಕಿನ ಮೆಸೇಜು, ಎಲ್ಲ ಬೇಕು. ನಾವು ರದ್ದು ಮಾಡಿದ ಕೂಡಲೇ ಆ ಪುಸ್ತಕದ ಪುಟ ತೆರೆಯುವುದೇ ನಿಂತುಹೋಯಿತು. ಅದೃಷ್ಟಕ್ಕೆ ಅಪ್ಪ ಆ ಮುಖಪುಟದ ಫೋಟೊವನ್ನು ತಮ್ಮ ಹಳೆಯ ಸ್ನೇಹಿತರಿಗೆ ಮೊದಲೇ ವಾಟ್ಸ್‌ಆ್ಯಪ್ ಮಾಡಿದ್ದರು. ದೂರಿಗೆ ಅಂಟಿಸಿದ್ದು ಅದನ್ನೇ.