ಹುಬ್ಬಳ್ಳಿಯ ಹೃದಯ ಸ್ಕ್ಯಾನ್ ಸೆಂಟರ್: ಯಂತ್ರಕ್ಕೆ ಐದು ಸ್ಟಾರ್, ಫೋನಿಗೆ ಎರಡು

ಸೆಂಟರಿನ ಹೆಸರು ಹಾಕುವುದಿಲ್ಲ, ಜಗಳ ಬೇಡ. ಅಂಕೋಲಾ, ಕಾರವಾರದ ಕಡೆಯಿಂದ ಘಟ್ಟ ಹತ್ತಿ ಹೋಗುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮನೆಯವರು ಪಿ.ಟಿ. ಮಾಸ್ತರರಾಗಿದ್ದವರು. ಈಚೆಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಕಿರಿದಾಗಿದ್ದು ಕಂಡಿತ್ತು. ಅದರಿಂದ ಹೃದಯದ ಸ್ನಾಯುವಿಗೆ ನಿಜವಾಗಿ ರಕ್ತ ಕಡಿಮೆ ಬೀಳುತ್ತಿದೆಯೋ, ಸ್ಟೆಂಟ್ ಬೇಕೋ, ಮಾತ್ರೆ ಸಾಕೋ ಎಂದು ನೋಡಲು ಈ ಸ್ಕ್ಯಾನ್ ಬರೆದುಕೊಟ್ಟರು.

ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಖಾಲಿ ಹೊಟ್ಟೆಯಲ್ಲಿ ಎಂಟಕ್ಕೆ ಬನ್ನಿ.’ ಚಹಾದ ಸುದ್ದಿಯೇ ಇಲ್ಲ. ನರ್ಸ್ ಆಗಿರುವ ತಂಗಿಯ ಮಗಳು ಮೊದಲೇ ಎಚ್ಚರಿಸಿದ್ದಳು, ಹಿಂದಿನ ದಿನದಿಂದಲೇ ಚಹಾ, ಕಾಫಿ, ಕೋಲಾ, ಚಾಕೊಲೇಟ್ ಬಂದ್ ಎಂದು. ಹೃದಯಕ್ಕೆ ಶ್ರಮವಾದಾಗ ರಕ್ತ ಹೇಗೆ ಹರಿಯುತ್ತದೆ ಎಂದು ಈ ಸ್ಕ್ಯಾನಿನಲ್ಲಿ ನೋಡಬೇಕು. ಮಂಡಿನೋವಿನವರನ್ನು ಅದಕ್ಕಾಗಿ ಟ್ರೆಡ್‌ಮಿಲ್ ಮೇಲೆ ಓಡಿಸದೆ ಅಡೆನೊಸಿನ್ ಔಷಧಿ ಕೊಟ್ಟು ರಕ್ತನಾಳ ಹಿಗ್ಗಿಸುತ್ತಾರೆ. ಕೆಫೀನ್ ಅದನ್ನು ಕೆಲಸ ಮಾಡಲು ಬಿಡುವುದಿಲ್ಲ. ನಮ್ಮವರು ಜೀರಿಗೆ ಕಷಾಯದಲ್ಲಿ ದಿನ ದೂಡಿದರು. ಯಲ್ಲಾಪುರದಿಂದ ಬಂದ ಯಜಮಾನರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಕುಡಿದು ಬಂದಿದ್ದರು. ಅವರನ್ನು ಇನ್ನೊಂದು ದಿನ ಬನ್ನಿ ಎಂದು ವಾಪಸ್ ಕಳಿಸಿದರು. ಬುಕಿಂಗ್ ಹೊತ್ತಿಗೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಅಸ್ತಮಾ ಇದೆಯಾ ಎಂದು ಕೂಡ ಫೋನಿನಲ್ಲಿ ಕೇಳಲಿಲ್ಲ. ಅಸ್ತಮಾ ಇದ್ದವರಿಗೆ ಈ ಔಷಧಿ ಉಸಿರು ಕಟ್ಟಿಸಬಹುದು.

ಒಳಗೆ ಹೋದ ಮೇಲೆ ಮಾತ್ರ ಎಲ್ಲವೂ ಅಚ್ಚುಕಟ್ಟು. ಟೆಕ್ನಿಷಿಯನ್ ಹುಡುಗ ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟ. ಚಿತ್ರ ತೆಗೆಯಲು ರಕ್ತಕ್ಕೆ ಬಿಡುವುದು ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು. ಪ್ರತಿ 6 ಗಂಟೆಗೆ ಅದರ ಶಕ್ತಿ ಅರ್ಧವಾಗುತ್ತದೆ. ಹಾಗಾಗಿ ಡೋಸ್ ಸಿದ್ಧಮಾಡುವುದು ಗಡಿಯಾರ ನೋಡಿಕೊಂಡೇ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ನಿಮ್ಮ ಡೋಸ್ ಕಾಯುತ್ತಾ ಕೂರುವುದಿಲ್ಲ. ಹಿಂದಿನ ರಾತ್ರಿಯೇ ಹುಬ್ಬಳ್ಳಿ ಸೇರಿಕೊಳ್ಳಿ, ಲಾಡ್ಜ್ ಖರ್ಚಿಗೆ ಅಳಬೇಡಿ.

ಮೊದಲು ವಿಶ್ರಾಂತಿಯಲ್ಲಿರುವಾಗ ಒಂದು ಚಿತ್ರ, ಆಮೇಲೆ ಅಡೆನೊಸಿನ್ ಕೊಟ್ಟು ಇನ್ನೊಂದು. ‘ಎದೆ ಮೇಲೆ ಯಾರೋ ಬಂದು ಕೂತರು, ಎದ್ದು ಹೋದರು’ ಎಂದರು ನಮ್ಮವರು. ಡ್ರಿಪ್ ನಿಲ್ಲಿಸಿದ ಒಂದೆರಡು ನಿಮಿಷಕ್ಕೆ ಎಲ್ಲ ಸರಿ. ನಂತರ ಹಾಲು, ಬೆಣ್ಣೆ ಬನ್ ಕೊಟ್ಟರು. ಜಿಡ್ಡು ತಿಂದರೆ ಪಿತ್ತಜನಕಾಂಗದಲ್ಲಿ ಸೇರಿದ ಟೆಕ್ನೀಷಿಯಂ ಬೇಗ ಇಳಿದು ಹೃದಯದ ಚಿತ್ರ ಸ್ವಚ್ಛ ಬರುತ್ತದಂತೆ. ಎಷ್ಟೋ ಕಾಲದಿಂದ ಬೆಣ್ಣೆ ಬಿಡಿಸಿದ್ದ ನನ್ನ ಮುಖ ನೋಡುತ್ತಲೇ ತಿಂದರು! ಮಷಿನ್ ಕೆಳಗೆ ಕೈ ತಲೆಯ ಮೇಲಿಟ್ಟು ಅಲುಗದೆ ಮಲಗಬೇಕು, ಎಸಿ ವಿಪರೀತ. ಭುಜ ನೋವಿದ್ದವರು ಮೊದಲೇ ಹೇಳಿ, ದಿಂಬು ಕೊಡುತ್ತಾರೆ.

ನಾದಿನಿ ಫೋನಿನಲ್ಲಿ, ‘ಕೈಗಾ ಅಣುಸ್ಥಾವರ ಪಕ್ಕದಲ್ಲಿ ಇರುವುದು ಸಾಲದಾ, ಅದನ್ನು ಮೈಯೊಳಗೂ ಹಾಕಿಸಿಕೊಳ್ಳಬೇಕಾ?’ ಎಂದಳು. ಎರಡೂ ಚಿತ್ರ ಸೇರಿ ಮೈಗೆ ತಾಗುವ ವಿಕಿರಣ ಸುಮಾರು 10 ಮಿಲಿಸೀವರ್ಟ್ (ಅದರ ಅಳತೆ) ಎಂದರು ಡಾಕ್ಟರು. ಭೂಮಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿಯೇ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಅಂದರೆ ನಾಲ್ಕು ವರ್ಷದ್ದು ಒಂದೇ ದಿನ. ಕಡಿಮೆಯೇನಲ್ಲ, ಆದರೆ ಸ್ಟೆಂಟ್ ಬೇಕೋ ಬೇಡವೋ ಗೊತ್ತಾಗಬೇಕಾದಾಗ ಕೊಡಬಹುದಾದ ಬೆಲೆ ಎಂದೇ ನನಗನಿಸಿತು. ಅಂದು ಮೊಮ್ಮಗಳನ್ನು ಎತ್ತಿಕೊಳ್ಳಬಾರದು, ನೀರು ಜಾಸ್ತಿ ಕುಡಿಯಬೇಕು ಎಂದರು. ಇಂಜೆಕ್ಷನ್ ಆದವರಿಗೆ ಶೌಚಾಲಯವೂ ಪ್ರತ್ಯೇಕ.

ಒಂದು ಮಿತಿಯನ್ನು ಡಾಕ್ಟರೇ ಹೇಳಿದರು. ಈ ಯಂತ್ರ ಒಂದು ಭಾಗವನ್ನು ಇನ್ನೊಂದರ ಜೊತೆ ಹೋಲಿಸಿ ನೋಡುತ್ತದೆ. ಹೃದಯದ ಮೂರೂ ಮುಖ್ಯ ರಕ್ತನಾಳ ಸಮನಾಗಿ ಕಿರಿದಾಗಿದ್ದರೆ ಚಿತ್ರ ಚೆನ್ನಾಗಿಯೇ ಕಂಡೀತು. ಪೆಟ್ ಎಂಬ ಇನ್ನೊಂದು ಬಗೆಯ ಸ್ಕ್ಯಾನಿನಲ್ಲಿ ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು ಲೆಕ್ಕ ಸಿಗುತ್ತದೆ, ಆದರೆ ಅದಕ್ಕೆ ಬಳಸುವ ರುಬಿಡಿಯಂ-82ರ ಶಕ್ತಿ ಬರೀ 75 ಸೆಕೆಂಡಿಗೆ ಅರ್ಧವಾಗುತ್ತದೆ, ಹಾಗಾಗಿ ಅಲ್ಲೇ ತಯಾರಿಸಿಕೊಳ್ಳಬೇಕು. ಆ ಸೌಲಭ್ಯ ಇಲ್ಲಿಲ್ಲ.

ರಿಪೋರ್ಟ್ ಮರುದಿನ ವಾಟ್ಸಾಪಿಗೆ ಬಂತು. ಹೃದಯದ ಕೆಳಭಾಗದಲ್ಲಿ ರಕ್ತದ ಸ್ವಲ್ಪ ಕೊರತೆ, ಸದ್ಯ ಮಾತ್ರೆ ಸಾಕು. ಸಿಡಿ ಬೇಕಾದರೆ ಕೌಂಟರಿನಲ್ಲಿ ಬಿಡದೆ ಕೇಳಿ, ತಾವಾಗಿ ಕೊಡುವುದಿಲ್ಲ.