ರೆಕಾರ್ಡ್ ರೂಮಿಗೆ ಎರಡೂವರೆ ಸ್ಟಾರು, ಹೆಳವರಿಗೆ ನಾಲ್ಕು

ನಮ್ಮ ವಂಶಾವಳಿ ಹುಡುಕಲು ಮೊದಲ ಸಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದಾಗ ನನ್ನ ಹತ್ತಿರ ಇದ್ದದ್ದು ಮುತ್ತಜ್ಜನ ಹೆಸರೊಂದೇ. ಅಲ್ಲಿದ್ದ ಗುಮಾಸ್ತರು ಚೀಟಿ ನೋಡಿ ವಾಪಸ್ ಕೊಟ್ಟರು. "ಸರ್ವೆ ನಂಬರ್ ಹೇಳ್ರಿ. ಹೆಸರು ತಗೊಂಡು ನಾನೇನ್ ಮಾಡ್ಲಿ?" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದೇ ಸರಿ. ಅಲ್ಲಿ ಕಾಗದಗಳನ್ನು ಜೋಡಿಸಿರುವುದು ಊರು ಮತ್ತು ಸರ್ವೆ ನಂಬರಿನ ಪ್ರಕಾರ. ನಮ್ಮೂರಲ್ಲಿ ಬಸಪ್ಪಾ ಅಂತ ಕೂಗಿದರೆ ಆರು ಜನ ತಿರುಗಿ ನೋಡುತ್ತಾರೆ, ಹೆಸರು ಹಿಡಿದು ಯಾರನ್ನು ಹುಡುಕೋದು?

ಹಾಗಾಗಿ ವಂಶ ಹುಡುಕಲು ಹೊರಟವರಿಗೆ ನನ್ನ ಮೊದಲ ಮಾತು, ಕಚೇರಿಗೆ ಹೋಗಬೇಡಿ, ಟ್ರಂಕು ತೆಗೀರಿ. ನಮ್ಮ ಕಾಕಾನ ಟ್ರಂಕಿನಲ್ಲಿ ಮದುವೆ ಪತ್ರಿಕೆ, ಸೊಸೈಟಿ ಸಾಲದ ನೋಟಿಸು ಇವುಗಳ ಕೆಳಗೆ ಒಂದು ಹಳೇ ಕಂದಾಯದ ರಸೀದಿ ಸಿಕ್ಕಿತು. ನಾವು ಬಾಯಲ್ಲಿ "ಹುಣಸಿಮರದ ಹೊಲ" ಅನ್ನುವ ಹೊಲ ಅದರಲ್ಲಿ 47 ಅಂತ ಇತ್ತು.

ನಂಬರ್ ಸಿಕ್ಕ ಮೇಲೆ ಸರ್ಕಾರದ ಭೂದಾಖಲೆಯ ಭೂಮಿ ವೆಬ್‌ಸೈಟು. ಇದಕ್ಕೆ ನಾಲ್ಕು ಸ್ಟಾರ್ ಕೊಡಬಹುದು, ಮನೆಯಲ್ಲೇ ಕೂತು ಪಹಣಿ (ಹೊಲದ ಹಕ್ಕಿನ ದಾಖಲೆ) ನೋಡಬಹುದಲ್ವಾ. ಎಲ್ಲರೂ ಪಹಣಿಯಲ್ಲಿ 9ನೇ ಕಾಲಂ ನೋಡುತ್ತಾರೆ, ಯಾಕೆಂದರೆ ಮಾಲೀಕರ ಹೆಸರು ಇರೋದು ಅಲ್ಲಿ. ವಂಶ ಹುಡುಕುವವರು ಅದರ ಪಕ್ಕದ 10ನೇ ಕಾಲಂ ನೋಡಬೇಕು. ಆ ಹೊಲ ಇವರಿಗೆ ಹೇಗೆ ಬಂತು ಅನ್ನೋದು, ಅದರ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರಿನ ಜೊತೆ, ಅಲ್ಲಿರುತ್ತದೆ. ಆ ನಂಬರ್ ಹಿಡಿದು ಒಂದು ತಲೆಮಾರು ಹಿಂದೆ ಹೋಗಬಹುದು, ಅಲ್ಲಿ ಇನ್ನೊಂದು ನಂಬರ್ ಸಿಗುತ್ತದೆ, ಹೀಗೇ. ಹೊಲ ಪಾಲಾದಾಗ ಬೀಳುವ ಹಿಸ್ಸಾ ನಂಬರುಗಳನ್ನೂ ಸುಮ್ನೆ ದಾಟಿ ಹೋಗಬೇಡಿ. ನಮ್ಮ 47 ಈಗ 47/1, 47/2, 47/3 ಆಗಿದೆ. ಅಂದರೆ ಯಾವಾಗಲೋ ಮೂವರು ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ. ನಮ್ಮದು 47/2.

ಭೂಮಿಯ ಮಿತಿ ಏನಂದರೆ, ಕಂಪ್ಯೂಟರ್ ಪಹಣಿ ಶುರುವಾದದ್ದು 2000ದ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದು ಕೈಬರಹ. ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ಊರಿನದು ಆಗಿದ್ದರೆ ಅದೃಷ್ಟ. ನನಗೆ ಬೇಕಾದದ್ದು ಆಗಿರಲಿಲ್ಲ, ಮತ್ತೆ ಅದೇ ಗುಮಾಸ್ತರ ಮುಂದೆ ನಿಂತೆ.

ಈ ಸಲ ಅರ್ಜಿ ಕೊಟ್ಟೆ. ಮೂರು ವಾರ ಬಿಟ್ಟು ಬನ್ನಿ ಅಂದರು, ಹೋದರೆ ಸಾಹೇಬರು ಎಲೆಕ್ಷನ್ ಡ್ಯೂಟಿ, ಮತ್ತೆ ಹೋದರೆ "ಕಡತ ಲಭ್ಯವಿಲ್ಲ" ಅಂತ ಹಿಂಬರಹ ಕೊಟ್ಟರು. ಹಿಂಬರಹ ಸಿಕ್ಕರೆ ಅಲ್ಲಿಗೆ ಬಿಡಬೇಡಿ. ನಾನು ಅರ್ಜಿಯಲ್ಲಿ ಊರಿನ ಹಳೇ ಹೆಸರು ಸೇರಿಸಿ ಇನ್ನೊಮ್ಮೆ ಹಾಕಿದೆ. ಬೇರೆ ಗಂಟಿನಲ್ಲಿ ಸಿಕ್ಕಿತು!

ಪುಟ ಮುಟ್ಟಿದರೆ ಅಂಚು ಉದುರುತ್ತಿತ್ತು. 1938ರ ನಮೂದು. ನಮ್ಮ ಅಜ್ಜನ ಹೆಸರಿನ ಮುಂದೆ "ಅ.ಪಾ.ಕ. ತಾಯಿ" ಅಂತ ಬರೆದು, ಕೆಳಗೆ ಒಬ್ಬ ಹೆಣ್ಣುಮಗಳ ಹೆಸರು, "ಕೋಂ" ಅಂತ ಹಾಕಿ ಮುತ್ತಜ್ಜನ ಹೆಸರು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಗುಮಾಸ್ತರೇ ಬಿಡಿಸಿ ಹೇಳಿದರು. ಕೋಂ ಅಂದರೆ ಇಂಥವರ ಹೆಂಡತಿ, ಬಿನ್ ಅಂದರೆ ಇಂಥವರ ಮಗ. ಅ.ಪಾ.ಕ. ಅಂದರೆ ಅಜ್ಞಾನ ಪಾಲನಕರ್ತ. ಇಲ್ಲಿ ಅಜ್ಞಾನ ಅಂದರೆ ವಯಸ್ಸಿಗೆ ಬಾರದ ಹುಡುಗ. 1956ಕ್ಕೆ ಮುಂಚೆ ನಾವು ಮುಂಬಯಿ ಸರ್ಕಾರದ ಕೆಳಗೆ ಇದ್ದವರು, ಈ ಮಾತುಗಳೆಲ್ಲ ಮರಾಠಿ ದಫ್ತರದಿಂದ ಬಂದದ್ದು. ಒಟ್ಟಿನಲ್ಲಿ ಆ ನಮೂದಿನ ಅರ್ಥ, ಮುತ್ತಜ್ಜ ಸತ್ತಾಗ ನಮ್ಮಜ್ಜ ಇನ್ನೂ ಚಿಕ್ಕವನು, ಹೊಲ ನೋಡಿಕೊಂಡದ್ದು ಅವನ ಅವ್ವ. ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಆಕೆಯ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಗಂಡ ಸಾಯದಿದ್ದರೆ ಆ ಹೆಸರು ಯಾವ ಕಾಗದದಲ್ಲೂ ಬರುತ್ತಿರಲಿಲ್ಲ.

ಅದಕ್ಕೂ ಹಿಂದಿನ ಒಂದು ಹಾಳೆ ಮೋಡಿಯಲ್ಲಿತ್ತು, ಅದು ಮರಾಠಿಯ ಹಳೇ ಲಿಪಿ. ಒಬ್ಬ ನಿವೃತ್ತ ಮಾಸ್ತರರು ಓದಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ, ಎರಡು ಸಲ ಚಹಾ ಆಯ್ತು. ಅದರಲ್ಲಿ ಇದ್ದದ್ದು ಬರೀ ಕಂದಾಯದ ಲೆಕ್ಕ.

ಒಟ್ಟು ಆರು ಓಡಾಟ. ರೆಕಾರ್ಡ್ ರೂಮಿಗೆ ಐದಕ್ಕೆ ಎರಡೂವರೆ ಸ್ಟಾರು, ಅದರಲ್ಲಿ ಎರಡು ಆ ಗುಮಾಸ್ತರಿಗೇ.

ಇನ್ನು ಹೆಳವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿ ಇಟ್ಟುಕೊಂಡು ಊರೂರು ತಿರುಗುವ ಜನ ಇವರು. ಸುಗ್ಗಿ ಆದ ಮೇಲೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ನಮ್ಮನೆಗೆ ಬಂದದ್ದು ಟೆಂಪೋದಲ್ಲಿ. ಕಟ್ಟೆಯ ಮೇಲೆ ಕೂತು, ಕೆಂಪು ಬಟ್ಟೆ ಬಿಚ್ಚಿ, ಪುಸ್ತಕ ತೆಗೆದು ಓದಲು ಶುರು ಮಾಡಿದರೆ ಒಂದೇ ಉಸಿರಿನಲ್ಲಿ ಏಳು ತಲೆಮಾರು. ಯಾವ ಊರಿಂದ ಬಂದೆವು, ಮನೆದೇವರು ಯಾವುದು, ಎಲ್ಲ ಬಂತು. ಮೂವರು ಅಣ್ಣತಮ್ಮಂದಿರ ಹೆಸರೂ ಕಾಗದದಲ್ಲಿ ಇದ್ದ ಹಾಗೇ ಬಂತು.

ನಾನು 47/3ರ ಬಗ್ಗೆ ಕೇಳಿದೆ. ಆ ಹೊಲ ಈಗ ಬೇರೆ ಅಡ್ಡಹೆಸರಿನವರದ್ದು. ಸಾಲಕ್ಕೆ ಮಾರಿಹೋಯಿತು ಅಂತಲೇ ನಮ್ಮ ಮನೆಯಲ್ಲಿ ಮಾತು. ಹೆಳವಜ್ಜ ತಲೆ ಎತ್ತದೆ ಹೇಳಿದ. "ಮಾರಿಲ್ರೀ ಗೌಡ್ರ. ಮೂರನೇ ಅವ್ಗ ಗಂಡು ಸಂತಾನ ಇರ್ಲಿಲ್ಲ. ಮಗಳನ್ನ ಕೊಟ್ಟು ಅಳಿಯನ್ನ ಮನ್ಯಾಗ ಇಟ್ಕೊಂಡ್ರು." ಆ ಮಗಳ ಹೆಸರೇನಜ್ಜಾ ಅಂದರೆ ಅವನ ಪುಸ್ತಕದಲ್ಲಿ ಇಲ್ಲ, ಅಳಿಯನ ಹೆಸರಿದೆ!

ಮತ್ತೆ ಅರ್ಜಿ, ಮತ್ತೆ ಮೂರು ವಾರ. ಈ ಸಲ ಏನು ಹುಡುಕಬೇಕು ಅಂತ ಗೊತ್ತಿತ್ತು. ವಾರಸಾ ನಮೂದು (ಹೊಲ ವಾರಸುದಾರರಿಗೆ ಹೋದ ದಾಖಲೆ) ಸಿಕ್ಕಿತು, ಮಗಳ ಹೆಸರು ಅದರಲ್ಲಿ ಸ್ಪಷ್ಟವಾಗಿ ಇತ್ತು.

ಹೆಳವರಿಗೆ ನಾಲ್ಕು ಸ್ಟಾರ್. ಒಂದು ಚೀಲ ಜೋಳ, ಒಂದು ಧೋತರ, ಎರಡು ಸಾವಿರ ರೂಪಾಯಿ ಕೊಟ್ಟೆವು. ಚೌಕಾಸಿ ಮಾಡಬೇಡಿ. ಇಸವಿ ಕೇಳಿದರೆ ಸಿಗೋದಿಲ್ಲ, ಅದಕ್ಕೆ ಒಂದು ಸ್ಟಾರ್ ಕಡಿಮೆ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಖಾತೆ ಬದಲಾವಣೆಗೆ ಬೇಕು, ಹುಡುಕಾಟಕ್ಕೆ ಉಪಯೋಗವಿಲ್ಲ, ನೀವು ಹೇಳಿದ್ದನ್ನೇ ವಿಚಾರಿಸಿ ಸೀಲು ಹಾಕಿ ಕೊಡುತ್ತಾರೆ ಅಷ್ಟೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ತಂದೆಯ ಹೆಸರು ನಂಬಬಹುದು, ಹುಟ್ಟಿದ ತಾರೀಖು ಬೇಡ, ನಮ್ಮೂರಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದ್ದಾರೆ. ಗೇಣಿ ಹೊಲ ಮಾಡುತ್ತಿದ್ದ ಮನೆತನವಾದರೆ 1974ರ ನಂತರದ ಭೂ ನ್ಯಾಯಮಂಡಳಿ ಕಡತ ಕೇಳಿ, ಗೇಣಿ ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ 7ನೇ ನಂಬರಿನ ಫಾರಂ ಹಾಕಿದವರ ಹೇಳಿಕೆಗಳು ಅದರಲ್ಲಿರುತ್ತವೆ.

47/3ರವರಿಗೂ ನಮಗೂ ಬದುವಿನ ಜಗಳ ಮೂವತ್ತು ವರ್ಷದ್ದು. ವಾರಸಾ ನಮೂದಿನ ಜೆರಾಕ್ಸ್ ತಗೊಂಡು ಕಾಕಾನೇ ಅವರ ಮನೆಗೆ ಹೋದ. ಊಟ ಮಾಡಿಸಿ ಕಳಿಸಿದರು. ಬದು ಇನ್ನೂ ಅಲ್ಲೇ ಇದೆ, ಸರ್ವೆಗೆ ಅವರೂ ಅರ್ಜಿ ಹಾಕಿದ್ದಾರೆ, ನಾವೂ ಹಾಕಿದ್ದೇವೆ.