ಉಳಿದ ಕಿವಿಯನ್ನು ಉಳಿಸುವ ಇಂಪ್ಲಾಂಟ್: ಕೆಲವು ವರ್ಷ ಬಳಸಿದ ಮೇಲೆ

ನನ್ನ ಕಿವಿ ಪೂರ್ತಿ ಹೋಗಿರಲಿಲ್ಲ. ದಪ್ಪ ಸ್ವರ ಕೇಳುತ್ತಿತ್ತು, ಸಪೂರ ಸ್ವರ ಇಲ್ಲ. ಯಕ್ಷಗಾನ ಆಟಕ್ಕೆ ಹೋದರೆ ಮದ್ದಳೆ ಉಂಟು, ತಾಳ ಇಲ್ಲ. ಮಾತಿನಲ್ಲಿ ಸ, ಶ, ಚ ಎಲ್ಲ ಮಾಯ. ಹಿಯರಿಂಗ್ ಏಡ್ ಜೋರು ಮಾಡಿದರೆ ಗದ್ದಲ ಜಾಸ್ತಿ ಆಗುತ್ತಿತ್ತೇ ಹೊರತು ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಇಂಥವರಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ತಂತಿ ತೂರಿಸಿ ಕರೆಂಟಿನಲ್ಲಿ ಕೇಳಿಸುವ ಸಾಧನ) ಅಂದ ಕೂಡಲೇ ಬರುವ ಹೆದರಿಕೆ ಒಂದೇ, ಇರುವುದೂ ಹೋದರೆ?

ಹೆದರಿಕೆ ಸುಮ್ನೆ ಅಲ್ಲ. ಒಳಗಿವಿಯ ಕಾಕ್ಲಿಯಾ ಬಸವನಹುಳದ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು. ಬುಡದಲ್ಲಿ ಸಪೂರ ಸ್ವರ, ತುದಿಯಲ್ಲಿ ದಪ್ಪ ಸ್ವರ. ಇಂಪ್ಲಾಂಟಿನ ತಂತಿ, ಅಂದರೆ ಎಲೆಕ್ಟ್ರೋಡ್, ತೂರಿಸುವಾಗ ಒಳಗಿನ ತೆಳು ಪರದೆ ಹರಿದರೆ ಉಳಿದದ್ದಕ್ಕೂ ಕುತ್ತು. ಅದಕ್ಕೇ ಈಗ ತೆಳ್ಳಗೆ ಬಳುಕುವ, ಹೊರಗೋಡೆಗೆ ಒರಗಿ ಸಾಗುವ ಎಲೆಕ್ಟ್ರೋಡ್ ಮಾಡುತ್ತಾರೆ. ರೌಂಡ್ ವಿಂಡೋ ಅನ್ನುವ ಕಾಕ್ಲಿಯಾದ ಸಣ್ಣ ಕಿಂಡಿಯ ಮೂಲಕ ನಿಧಾನವಾಗಿ ಒಳಗೆ ಬಿಡುತ್ತಾರೆ, ಸ್ಟಿರಾಯ್ಡ್ ಕೂಡ ಕೊಡುತ್ತಾರೆ.

ತಲೆ ಕೆಡುವುದು ಎಲೆಕ್ಟ್ರೋಡಿನ ಉದ್ದದ ವಿಷಯದಲ್ಲಿ. 2014ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಹೈಬ್ರಿಡ್ ಎಲ್24 ಸುಮಾರು 16 ಮಿ.ಮೀ. ಅಷ್ಟೇ ಒಳಗೆ ಹೋಗುತ್ತದೆ. ಮೆಡ್-ಎಲ್ ಕಂಪನಿಯ ಫ್ಲೆಕ್ಸ್24 ಅಂದರೆ 24, ಫ್ಲೆಕ್ಸ್28 ಅಂದರೆ 28 ಮಿ.ಮೀ. ಗಿಡ್ಡ ಇದ್ದಷ್ಟೂ ತುದಿಗೆ ಪೆಟ್ಟು ಕಡಿಮೆ, ಸರಿ. ಆದರೆ ಇನ್ನು ಕೆಲವು ವರ್ಷದಲ್ಲಿ ದಪ್ಪ ಸ್ವರವೂ ತನ್ನಷ್ಟಕ್ಕೇ ಹೋಯಿತು ಅಂತಿಟ್ಟುಕೊಳ್ಳಿ, ಗಿಡ್ಡ ಎಲೆಕ್ಟ್ರೋಡ್ ಅಲ್ಲಿವರೆಗೆ ಮುಟ್ಟುವುದೇ ಇಲ್ಲ, ಆಗ ಏನು ಮಾಡೋದು? ನಾನು ನಡುವಿನ ಉದ್ದ ಹಾಕಿಸಿಕೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಮುಂದೆ ಬೈಯಲಿಕ್ಕಿದೆ.

ಆಪರೇಷನ್ ಮಂಗಳೂರಿನಲ್ಲಿ. ನಂತರದ ಆಡಿಯೋಗ್ರಾಂನಲ್ಲಿ (ಕಿವಿ ಪರೀಕ್ಷೆಯ ನಕ್ಷೆ) ದಪ್ಪ ಸ್ವರ ಸ್ವಲ್ಪ ಇಳಿದಿತ್ತು, ಆಮೇಲೂ ಒಂಚೂರು ಇಳಿಯಿತು. ಆದರೆ ಇದೆ. ಒಂದೇ ಕಿವಿಯಲ್ಲಿ ದಪ್ಪ ಸ್ವರ ಹಿಯರಿಂಗ್ ಏಡ್ ಥರ, ಸಪೂರ ಸ್ವರ ಕರೆಂಟಿನಲ್ಲಿ. ಮೊದಮೊದಲು ಎಲ್ಲರ ದನಿಯೂ ಕೀರಲು. ಮ್ಯಾಪಿಂಗ್ (ನನ್ನ ಕಿವಿಗೆ ತಕ್ಕ ಹಾಗೆ ಕರೆಂಟು ಹೊಂದಿಸುವುದು) ಆಗುತ್ತಾ ಆಗುತ್ತಾ ಸರಿಹೋಯಿತು. ಈಗ ಕುಂಬಳೆ ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲಿ ಕಂಡಕ್ಟರ್ ಮಲಯಾಳದಲ್ಲಿ ಕೂಗಿದರೂ ಊರ ಹೆಸರು ಸಿಗುತ್ತದೆ.

ನಿಜವಾದ ಲಾಭ ಗೊತ್ತಾಗಿದ್ದು ಯಕ್ಷಗಾನದಲ್ಲಿ. ದಪ್ಪ ಸ್ವರ ಕೊಡಲು ಕಿವಿಯೊಳಗೆ ಕೂರಿಸುವ ಅಚ್ಚು, ಇಯರ್ ಮೋಲ್ಡ್, ತೆಗೆದು ಬರೀ ಕರೆಂಟಿನಲ್ಲಿ ಕೇಳಿದರೆ ಭಾಗವತರ ಪದದ ಅಕ್ಷರ ಸಿಗುತ್ತದೆ, ಶ್ರುತಿ ಸಿಗುವುದಿಲ್ಲ. ಹಾಕಿದರೆ ರಾಗ ವಾಪಸ್. ಇಂಪ್ಲಾಂಟ್ ಒಂದೇ ಇದ್ದರೆ ಸ್ವರದ ಏರಿಳಿತ ಹಿಡಿಯುವುದು ಕಷ್ಟ, ಅಷ್ಟಿಷ್ಟು ಉಳಿದ ಕಿವಿಯೂ ಅಲ್ಲಿ ದೊಡ್ಡದು.

ಇನ್ನು ಬೈಗುಳ. ನಮ್ಮ ಜೂನ್-ಜುಲೈ ಮಳೆಗೆ ಈ ಮೋಲ್ಡ್ ಹೇಳಿದ್ದಲ್ಲ. ಒಳಗೆ ಬೆವರು, ನೀರಹನಿ, ದಪ್ಪ ಸ್ವರ ಬಂದ್. ರಾತ್ರಿ ತೇವ ಆರಿಸುವ ಡ್ರೈ ಬಾಕ್ಸ್ ಬೇಕೇ ಬೇಕು. ಮೋಲ್ಡಿಗೆ ಸೇರುವ ಸ್ಪೀಕರ್ ತುಂಡು ಕೆಟ್ಟರೆ ಇಲ್ಲಿ ಸಿಗುವುದಿಲ್ಲ, ಸರ್ವೀಸಿನವರು ‘ಆರ್ಡರ್ ಹಾಕಿದ್ದೇವೆ’ ಅನ್ನುತ್ತಲೇ ವಾರಗಟ್ಟಲೆ ಕಳೆಯುತ್ತಾರೆ. ಹಾಕಿಸಿಕೊಳ್ಳುವವರು ಡಾಕ್ಟರಲ್ಲಿ ಎಲೆಕ್ಟ್ರೋಡ್ ಉದ್ದ ಕೇಳುವಾಗಲೇ ಈ ತುಂಡಿನ ರೇಟೂ ಕೇಳಿ, ಸಾಧ್ಯ ಆದರೆ ಒಂದು ಹೆಚ್ಚಿಗೆ ತೆಗೆದಿಡಿ.